ಮಾವ ಕೊಟ್ಟ ವಾಚು

ಎರಡು ವರ್ಷದ ಹಿಂದೆ, ನನ್ನ ಮಗಳು ವೈಷ್ಣವಿ ಎಂಟನೇ ತರಗತಿಯಲ್ಲಿದ್ದಾಗಿನ ಮಾತು. ನಾವು ಧಾರವಾಡದವರು, ಈಗ ಪುಣೆಯ ಧನಕವಡಿಯಲ್ಲಿ ವಾಸ. ಒಂದು ಮಧ್ಯಾಹ್ನ ಶಿವಾಜಿನಗರದ ನನ್ನ ಆಫೀಸಿಗೆ ಶಾಲೆಯಿಂದ ಫೋನು ಬಂತು. ತನ್ನ ಊಟದ ಡಬ್ಬಿ ಬಚ್ಚಿಟ್ಟ ಹುಡುಗನ ಬೆನ್ನಿಗೆ ಮಗಳು ಎರಡು ಗುದ್ದಿದ್ದಾಳೆ, ಕೂಡಲೇ ಬನ್ನಿ ಎಂದರು.

ಮಕ್ಕಳಿಗೆ ಬುದ್ಧಿ ಹೇಳಲೆಂದೇ ಶಾಲೆಯಲ್ಲಿ ಒಬ್ಬ ಮೇಡಂ ಇದ್ದರು. ಅವರಿಗೆ ಗುದ್ದಿಗಿಂತ ಬೇರೆಯದೇ ಚಿಂತೆ. ಹೊಡೆಯುವ ಮೊದಲು ವೈಷ್ಣವಿ ಶಾಂತವಾಗಿ ವಾಚು ಬಿಚ್ಚಿ, ಗೆಳತಿಯ ಕೈಗೆ ಕೊಟ್ಟು, ಅಂಗಿಯ ತೋಳು ಮಡಚಿಕೊಂಡಿದ್ದಳಂತೆ. ಸಿಟ್ಟಿನ ಭರದಲ್ಲಿ ಕೈ ಎತ್ತುವವರನ್ನು ತಿದ್ದಬಹುದು, ಈ ವಯಸ್ಸಿನಲ್ಲೇ ಇಷ್ಟು ತಯಾರಿ ಮಾಡಿಕೊಂಡು ಹೊಡೆದರೆ ಮುಂದೆ ದಾರಿ ತಪ್ಪುವ ಭಯವಿದೆ ಎಂದರು. ಕಾರಣ ತಿಳಿಯುವವರೆಗೆ ಖೋ ಖೋ ತಂಡದಿಂದ ಹೊರಗಿಡಬೇಕಾಗುತ್ತದೆ ಎಂದೂ ಹೇಳಿದರು. ಆ ಭಾನುವಾರವೇ ಪಂದ್ಯ, ಇವಳೇ ನಾಯಕಿ. ಮಗಳು ಬಿಕ್ಕಿ ಬಿಕ್ಕಿ ಅಳತೊಡಗಿದಳು.

ಮೇಡಂ ಒಂದು ಪಟ್ಟಿ ಹಿಡಿದು ಮರಾಠಿಯಲ್ಲಿ ಕೇಳುತ್ತ ಹೋದರು. ಕೆಟ್ಟ ಸಹವಾಸ? ಇಲ್ಲ. ಮೊಬೈಲಿನಲ್ಲಿ ಹೊಡೆದಾಟದ ಆಟ? ಇಲ್ಲ. ಮನೆಯಲ್ಲಿ ಯಾರಾದರೂ ಜಗಳಗಂಟರು? ಛೇ, ನಮ್ಮದು ಸಾತ್ವಿಕ ಮನೆತನ ಎಂದೆ. ಅದನ್ನೇ ಮೂರನೇ ಸಲ ಕೇಳಿದಾಗ ನನಗೆ ರೇಗಿಹೋಯಿತು. ನಮ್ಮ ಮನೆತನದ ಮೇಲೇ ಅನುಮಾನವೇ ಎನ್ನುತ್ತ ಎದ್ದು ನಿಂತೆ. ಮೇಡಂ ನನ್ನ ಮುಖ ಬಿಟ್ಟು ಕೈಯನ್ನೇ ನೋಡತೊಡಗಿದರು. ಪಕ್ಕದಲ್ಲಿದ್ದ ಮಗಳು ಒಂದು ಕೈಯಿಂದ ಕಣ್ಣೊರೆಸಿಕೊಳ್ಳುತ್ತ ಇನ್ನೊಂದನ್ನು ನನ್ನತ್ತ ಚಾಚಿದಳು.

"ಕೊಡು ಅಪ್ಪಾ, ನಾ ಹಿಡ್ಕೋತೀನಿ."

ನೋಡಿಕೊಂಡರೆ, ನನ್ನ ವಾಚನ್ನು ನಾನೇ ಬಿಚ್ಚಿ ಹಿಡಿದಿದ್ದೆ.

ಅದು ಮದುವೆಯಲ್ಲಿ ಮಾವ ಕೊಟ್ಟ ವಾಚು. ಬೆಳಿಗ್ಗೆ ಮಗಳನ್ನು ಸ್ಕೂಟರಿನಲ್ಲಿ ಶಾಲೆಗೆ ಬಿಡುವಾಗ ಯಾರಾದರೂ ಅಡ್ಡ ಬಂದರೆ ಸಾಕು, ನಾನು ಗಾಡಿ ನಿಲ್ಲಿಸಿ, ವಾಚು ಬಿಚ್ಚಿ ಅವಳ ಕೈಗೆ ಕೊಟ್ಟು, ತೋಳು ಮಡಚಿ ಜಗಳಕ್ಕಿಳಿಯುತ್ತಿದ್ದೆ. ಯಾರಿಗೂ ಹೊಡೆದವನಲ್ಲ, ದೇವರಾಣೆ. ಆದರೂ ತಳ್ಳಾಟದಲ್ಲಿ ಅದರ ಗಾಜು ಒಡೆದರೆ ಮನೆಯಲ್ಲಿ ನನ್ನ ಗತಿ? ಇದನ್ನೆಲ್ಲ ಮೇಡಂ ಮುಂದೆ ಒಪ್ಪಿಕೊಳ್ಳುವಷ್ಟರಲ್ಲಿ ಬೆವರಿಗೆ ಅಂಗಿ ಒದ್ದೆಯಾಗಿತ್ತು.

ಮೇಡಂ ನಗು ತಡೆದುಕೊಂಡು ಪಟ್ಟಿ ಮಡಚಿಟ್ಟರು. ಮಗಳು ಆ ಹುಡುಗನ ಕ್ಷಮೆ ಕೇಳಿದಳು, ತಂಡದಲ್ಲಿ ಉಳಿದಳು. ನಾಲ್ಕು ಶನಿವಾರ ಬುದ್ಧಿ ಹೇಳಿಸಿಕೊಳ್ಳಲು ಬರಬೇಕಾದವನು ನಾನು. ಹೆಂಡತಿಗೆ ಹೇಳಿದರೆ, "ಸಣ್ಣ ಹುಡುಗರ ಬೆಂಚಿನ ಮ್ಯಾಲೆ ಕೂತು ಬರ್ರಿ, ಭಾಳ ಛಲೋ ಆತು" ಎಂದಳು.

ಮಗಳ ಆ ಅಳು ನೆನಪಾದರೆ ಇವತ್ತಿಗೂ ನಾಚಿಕೆಯಾಗುತ್ತದೆ. ಆದರೂ ಯಾರಾದರೂ ಅಡ್ಡ ಬಂದರೆ ನನ್ನ ಕೈ ತಾನಾಗಿ ವಾಚಿನತ್ತ ಹೋಗುತ್ತದೆ. ಆಗ ಹಿಂದಿನಿಂದ ವೈಷ್ಣವಿ ಕೇಳುತ್ತಾಳೆ, "ಟೈಮ್ ಎಷ್ಟಾತು ಅಪ್ಪಾ?"

ಟೈಮ್ ಹೇಳಿ, ಗಾಡಿ ಮುಂದಕ್ಕೆ ಬಿಡುತ್ತೇನೆ.