ತಂಗಿಯ ಕಾರು, ನನ್ನ ಟ್ಯಾಗ್

ನನ್ನ ಹಳೆಯ ಕಾರನ್ನು ಹರಿಹರದ ತಂಗಿಗೆ ಕೊಟ್ಟಾಗ ಆರ್‌ಸಿ ಅವಳ ಹೆಸರಿಗಾಯಿತು, ಇನ್ಶೂರೆನ್ಸ್ ಆಯಿತು. ಮುಂದಿನ ಗಾಜಿಗೆ ಅಂಟಿಸಿದ್ದ ಫಾಸ್ಟ್ಯಾಗ್ ಮಾತ್ರ ನನ್ನ ಹೆಸರಿನಲ್ಲೇ, ನನ್ನ ಫೋನ್ ನಂಬರಿಗೇ ಉಳಿಯಿತು. ಮರೆತೆ ಎಂದು ಬರೆಯಲು ಹೊರಟಿದ್ದೆ. ಮೊದಮೊದಲು ಮರೆತದ್ದು ನಿಜ.

ಆಮೇಲೆ ಸಂದೇಶಗಳು ಬರತೊಡಗಿದವು. ತಂಗಿಯ ಮಗಳು ಚಿತ್ರದುರ್ಗದಲ್ಲಿ ಹಾಸ್ಟೆಲ್ ಸೇರಿದ್ದಾಳೆ. ಅವಳನ್ನು ನೋಡಲು ತಂಗಿ ಹೊರಟು ಆನಗೋಡು ಕಡೆಯ ಟೋಲ್ ದಾಟಿದೊಡನೆ ನನ್ನ ಫೋನು ಸದ್ದು ಮಾಡುತ್ತಿತ್ತು. ಇಂಥ ಗಾಡಿ, ಇಂಥ ಗೇಟು, ಇಷ್ಟು ಕಡಿತ. ರೀಚಾರ್ಜನ್ನು ಅವಳೇ ಗಾಡಿ ನಂಬರ್ ಹಾಕಿ ಮಾಡಿಕೊಳ್ಳುತ್ತಿದ್ದಳು. ಸಂದೇಶ ಯಾರಿಗೆ ಹೋಗುತ್ತದೆಂದು ಯೋಚಿಸಿರಲಿಕ್ಕಿಲ್ಲ. ಹರಿಹರದಿಂದ ಆ ಟೋಲಿಗೆ ಹೋಗಬೇಕಾದರೆ ದಾವಣಗೆರೆಯ ಬೈಪಾಸ್ ದಾಟಲೇಬೇಕು. ನಮ್ಮ ಮನೆ ಬೈಪಾಸಿನ ಪಕ್ಕದ ಬಡಾವಣೆಯಲ್ಲಿದೆ. ಅಂದರೆ ಸಂದೇಶ ಬಂತೆಂದರೆ, ಅವಳು ನಮ್ಮ ಮಗ್ಗುಲಲ್ಲೇ ಹಾದು, ಇಳಿಯದೆ, ಆಗಲೇ ಮುಂದೆ ಹೋಗಿದ್ದಾಳೆ.

ನಾವು ಜಗಳವಾಡಿರಲಿಲ್ಲ. ಕಾರಣವೊಂದು ಇದ್ದರೆ ಬರೆಯಲು ಅನುಕೂಲವಾಗುತ್ತಿತ್ತು. ಅಪ್ಪ ಅಮ್ಮ ಹೋದ ಮೇಲೆ ಹಬ್ಬಕ್ಕೆ ಬರುವುದು ಮದುವೆಮನೆಯಲ್ಲಿ ಸಿಗುವುದಾಗಿ, ಅದೂ ಫೋಟೋ ತೆಗೆಸಿಕೊಳ್ಳುವಷ್ಟು ಹೊತ್ತಿಗೆ ಇಳಿಯಿತು. ಕಾರು ತೆಗೆದುಕೊಂಡು ಹೋದ ದಿನ ಅವಳು ನಮ್ಮ ಮನೆಯ ಗೇಟಿನ ಬಳಿ ಗಾಜು ಇಳಿಸಿ ಕೈ ಬೀಸಿದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಹೆಂಡತಿಗೆ ಹೇಳಿದೆ. "ಅವತ್ತು ನೀವು ಮನೇಲೇ ಇರ್ಲಿಲ್ಲ, ಕೀ ಕೊಟ್ಟಿದ್ದು ನಾನು" ಎಂದಳು. ಹಾಗಾದರೆ ಆ ಕೈ ಯಾರದು? ಅದನ್ನು ಅಳಿಸಲು ನನಗೆ ಮನಸ್ಸಿಲ್ಲ. ಸಂದೇಶಗಳನ್ನೂ ಅಳಿಸುತ್ತಿರಲಿಲ್ಲ.

ಒಂದು ಬೆಳಿಗ್ಗೆ ಸಂದೇಶದ ಬದಲು ಅವಳ ಕರೆಯೇ ಬಂತು. ಹಿಂದೆ ಹಾರ್ನ್‌ಗಳು.

"ಅಣ್ಣಾ, ಟೋಲ್‌ನಾಗೆ ನಿಲ್ಸಿದಾರೆ. ದುಡ್ಡು ಐತೆ, ಕಟ್ ಆಗವಲ್ದು."

"ಗಾಡಿ ಸ್ವಲ್ಪ ಹಿಂದೆ ತಗೊಂಡು ಮತ್ತೆ ಬಾ."

"ಎರಡು ಸಲ ತಗಂಡೆ. ಹಿಂದಿನ ಲಾರಿಯವನು ಬೈಯಾಕತ್ತಾನೆ."

ಗೇಟಿನವನು ಕೈಮಷಿನ್ ಹಿಡಿದು ನೋಡಿ ಅವಳಿಗೆ ಹೇಳುತ್ತಿದ್ದುದು ನನಗೂ ಕೇಳಿಸಿತು. "ಬ್ಲ್ಯಾಕ್‌ಲಿಸ್ಟ್ ಆಗೈತ್ರಿ ಅಕ್ಕಾರೆ. ಬ್ಯಾಲೆನ್ಸ್ ಇದ್ರೂ ನಡಿಯಲ್ಲ. ಡಬಲ್ ಕಟ್ಟಿ ಹೋಗ್ರಿ, ಲೈನ್ ನಿಂತೈತೆ."

ಅವಳು ಕಟ್ಟಿ ಹೋದಳು. ನಾನು ಇಲ್ಲಿಂದ ಇನ್ನಷ್ಟು ರೀಚಾರ್ಜ್ ಮಾಡಿದೆ, ಉಪಯೋಗವಾಗಲಿಲ್ಲ. ಸಹಾಯವಾಣಿಯವರು, ಟ್ಯಾಗ್ ಇರುವವರ ಹೆಸರೂ ಆರ್‌ಸಿಯಲ್ಲಿರುವ ಹೆಸರೂ ಬೇರೆಯಾಗಿವೆ, ಹಳೆಯದನ್ನು ಮುಚ್ಚಿಸಿ ಅವಳ ಹೆಸರಿನಲ್ಲಿ ಹೊಸದು ಮಾಡಿಸಿ ಎಂದರು. ಹೊಸದಕ್ಕೆ ಅವಳ ನಂಬರು. ಸಂದೇಶಗಳು ಅವಳಿಗೇ ಹೋಗುತ್ತವೆ.

ನನ್ನ ಹೆಸರಿದ್ದ ಹಳೆಯ ಆರ್‌ಸಿಯ ಜೆರಾಕ್ಸ್ ಮನೆಯಲ್ಲಿತ್ತು. ಹಳೆಯ ಟ್ಯಾಗೇ ಉಳಿಯಲಿ ಎಂದು ಅದರ ಫೋಟೋ ತೆಗೆದು ಅಪ್‌ಲೋಡ್ ಮಾಡಿದೆ. ತಿರಸ್ಕರಿಸಿದರು. ಬೆಳಕಿನಲ್ಲಿ ಹಿಡಿದು, ಇನ್ನೂ ಸ್ಪಷ್ಟವಾಗಿ ತೆಗೆದು ಮತ್ತೆ ಕಳಿಸಿದೆ. ಮತ್ತೆ ತಿರಸ್ಕರಿಸಿದರು. ಫೋಟೋ ಸ್ಪಷ್ಟವಿಲ್ಲದ್ದು ಕಾರಣವಲ್ಲ ಎಂದು ನನಗೆ ಗೊತ್ತಿತ್ತು.

ಮುಂದಿನ ವಾರ ಅವಳು ಹರಿಹರದಲ್ಲಿ ಟ್ಯಾಗ್ ಮಾಡಿಕೊಡುವ ಅಂಗಡಿಯಿಂದ ಫೋನ್ ಮಾಡಿದಳು.

"ನಿನ್ನ ಫೋನಿಗೆ ಓಟಿಪಿ ಬಂದೈತೆ ನೋಡು. ಅದನ್ನ ಹೇಳಿದ್ರೆ ಹಳೇದು ಕ್ಲೋಸ್ ಆಗ್ತೈತಂತೆ."

ಬಂದಿತ್ತು. ನಾನು ಬೇರೆ ಮಾತು ತೆಗೆದೆ. "ನೀನು ಟೋಲ್ ದಾಟಿದ್ದೂ ಇದಕ್ಕೇ ಬರ್ತಿತ್ತು."

"ಏನು ಬರ್ತಿತ್ತು?"

"ಮೆಸೇಜು. ಪ್ರತಿ ಸಲ."

"ಅಯ್ಯ, ಒಳ್ಳೆ ಸಿಐಡಿ ಆಗಿದ್ದೀಯಲ್ಲೋ ಮಾರಾಯ!" ನಕ್ಕಳು. ನಗು ಬೇಗ ನಿಂತಿತು.

"ಹೋಗ್ತಾ ಒಂದ್ಸಲ ಮನೆಗೆ ಬರಬಹುದಿತ್ತು."

"ಬೈಪಾಸ್ ಮ್ಯಾಲಿಂದ ನಿಮ್ಮ ಬಡಾವಣೆ ನೀರಿನ ಟ್ಯಾಂಕ್ ಕಾಣ್ತೈತೆ. ಅಲ್ಲಿ ಬಂದಾಗೆಲ್ಲ ಗಾಡಿ ಸ್ಲೋ ಮಾಡ್ತೀನಿ" ಎಂದಳು. ಆಮೇಲೆ, "ನಾನು ಹೋಗಿದ್ದು ನಿನಗೆ ಗೊತ್ತಾಗ್ತಿತ್ತಲ್ಲ? ವಾಪಸ್ ಬರೋವಾಗ ಬಾ ಅಂತ ಒಂದು ಫೋನ್ ಯಾಕ ಮಾಡ್ಲಿಲ್ಲ ನೀನು?"

ಅಂಗಡಿಯವನು ಅತ್ತ ಅವಸರ ಮಾಡಿದ. "ಟೈಮ್ ಮುಗಿತೈತ್ರಿ, ಲಗೂನೆ ಕೇಳ್ರಿ."

"ಹೇಳಪ್ಪಾ" ಎಂದಳು. ಒಂದೊಂದೇ ಅಂಕಿ ಹೇಳಿದೆ. ಆ ಟ್ಯಾಗಿನಿಂದ ಬಂದ ಕೊನೆಯ ಸಂದೇಶ, ಅದು ಮುಚ್ಚಿದೆ ಎಂಬುದು.

ಮರುದಿನ ಬೈಪಾಸಿಗೆ ನಡೆದುಕೊಂಡು ಹೋದೆ. ಟ್ಯಾಂಕ್ ಕಾಣುವುದು ನಿಜ. ಆದರೆ ಅಲ್ಲೇ ಸರ್ವಿಸ್ ರಸ್ತೆ ಬಂದು ಕೂಡುತ್ತದೆ, ಲಾರಿಗಳು ಅಡ್ಡಡ್ಡ ತಿರುಗುತ್ತವೆ, ಯಾರಾದರೂ ನಿಧಾನಿಸಲೇಬೇಕು. ಅವಳು ಯಾವುದಕ್ಕಾಗಿ ನಿಧಾನಿಸುತ್ತಿದ್ದಳೋ ನಾನು ನಿರ್ಧರಿಸಲಾರೆ. ಮನೆಯ ಗೇಟಿನಲ್ಲಿ ಬೀಸಿದ ಆ ಕೈಯನ್ನು ನಂಬಿ ಒಮ್ಮೆ ಕೆಟ್ಟಿದ್ದೇನೆ.

ಈಗ ಫೋನು ಸುಮ್ಮನಿದೆ. ಅವಳು ಮಗಳನ್ನು ನೋಡಲು ಹೊರಟಳೋ ಇಲ್ಲವೋ ತಿಳಿಯಬೇಕಾದರೆ ಕೇಳಬೇಕು. ಇವತ್ತು ಬೆಳಿಗ್ಗೆ ಹೆಂಡತಿ ಅವಲಕ್ಕಿ ಕಲಸುತ್ತಿದ್ದಾಗ, ಇನ್ನಷ್ಟು ಹಾಕು ಎಂದು ಹೇಳಿ, ತಂಗಿಯ ನಂಬರ್ ಒತ್ತಿದೆ. ರಿಂಗಾಗುತ್ತಲೇ ಇತ್ತು. ಎತ್ತಲಿಲ್ಲ. ಗಾಡಿ ಓಡಿಸುವಾಗ ಅವಳು ಫೋನ್ ಎತ್ತುವುದಿಲ್ಲ. ಟ್ಯಾಂಕಿನ ಆಚೆ ಇದ್ದಾಳೋ, ಈಚೆಯೋ.

ಮತ್ತೆ ಒತ್ತಿದೆ.