ದೊಡ್ಡಮ್ಮ ಒಡೆಸಿದ ಕಟ್ಟೆ

ನಮ್ಮ ದೊಡ್ಡಮ್ಮ ವೆಂಕಟಲಕ್ಷ್ಮಮ್ಮ ಊಟಕ್ಕೆ ಕೂತಾಗಲೂ ಒಂದು ಮಂಡಿಯನ್ನು ಮೇಲೆತ್ತಿಕೊಂಡೇ ಕೂರುತ್ತಿದ್ದಳು, ಯಾರಾದರೂ ಕೂಗಿದರೆ ತಟ್ಟನೆ ಏಳಬೇಕು ಎನ್ನುವ ಹಾಗೆ. ಮೋಡ ಕವಿದ ದಿನಗಳಲ್ಲಂತೂ ಅನ್ನ ಕಲಸಿದ ಕೈಯಲ್ಲೇ ಹಿತ್ತಲ ಬಾಗಿಲಿಗೆ ಹೋಗಿ ನೀರಿನ ಕಟ್ಟೆಯ ಕಡೆ ನೋಡಿ ಬರುವಳು. "ಏನಿಲ್ಲ, ತಿನ್ನೇ ನೀನು" ಎಂದು ನನಗೆ ಹೇಳುವಳು, ನಾನು ಏನೂ ಕೇಳದಿದ್ದರೂ.

ತಂದೆ ಹೋದ ಮೇಲೆ ಮದುವೆಯಾಗುವವರೆಗೂ ನಾನಿದ್ದದ್ದು ಮಾಲೂರಿನ ಹತ್ತಿರ, ದೊಡ್ಡಪ್ಪ ದೊಡ್ಡಮ್ಮನ ತೋಟದ ಮನೆಯಲ್ಲಿ. ಅವರಿಗೆ ಮಕ್ಕಳಿರಲಿಲ್ಲ. ದೊಡ್ಡಪ್ಪನದು ಮರದ ವ್ಯಾಪಾರ. ಚೆನ್ನಾಗಿ ಕುದುರಿಕೊಂಡ ಮೇಲೆ ಅವರಿಗೆ ದೋಣಿಯ ಹುಚ್ಚು ಹತ್ತಿತು. ತೋಟದ ಪಕ್ಕದ ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿಸಿ, ಶಿವಾರಪಟ್ಟಣದ ಕಡೆಯಿಂದ ಚಪ್ಪಡಿ ತರಿಸಿ ಒಳಮೈಗೆ ಹೊದಿಸಿ, ಸಣ್ಣದೊಂದು ಕಟ್ಟೆ ಮಾಡಿಸಿದರು. ಹೊಲಕ್ಕೆ ನೀರು ಬಿಡಲಿಕ್ಕಲ್ಲ, ಬರೀ ವಿಹಾರಕ್ಕೆ. ದಡದಲ್ಲಿ ಹೆಂಚಿನ ಮಂಟಪ, ನೀರಿನಲ್ಲಿ ಹಸಿರು ಬಣ್ಣದ ದೋಣಿ. ಭಾನುವಾರಗಳಲ್ಲಿ ಬೆಂಗಳೂರಿನ ಸ್ನೇಹಿತರು ರೈಲಿನಲ್ಲಿ ಬಂದಿಳಿಯುವರು.

ಏರಿಯ ಕೆಳಗೆ, ಕೂಗಿದರೆ ಕೇಳುವಷ್ಟು ದೂರದಲ್ಲಿ ಒಂದು ಹಳ್ಳಿಯಿತ್ತು. ದೊಡ್ಡಮ್ಮನಿಗೆ ದೋಣಿ ಕಾಣುತ್ತಿರಲಿಲ್ಲ, ಆ ಹಳ್ಳಿಯೇ ಕಾಣುತ್ತಿತ್ತು. ಶ್ರೀನಿವಾಸಪುರದ ಕಡೆಯ ಅವಳ ತವರಿನಲ್ಲಿ, ಅವಳಿನ್ನೂ ಲಂಗ ಉಡುತ್ತಿದ್ದಾಗ, ಕೆರೆ ಒಡೆದಿತ್ತಂತೆ. ಅವಳ ಕೈ ಹಿಡಿದುಕೊಂಡಿದ್ದ ತಮ್ಮ ಮತ್ತೆ ಸಿಗಲಿಲ್ಲ. ಇದನ್ನು ಅವಳು ನನಗೆ ಹೇಳಿದ್ದು ಒಂದೇ ಸಲ, ಹುರುಳಿ ಆರಿಸುತ್ತಾ, ತಲೆಯೆತ್ತದೆ.

ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಸೀರೆ ಎತ್ತಿ ಕಟ್ಟಿಕೊಂಡು ಏರಿಯ ಬುಡದಲ್ಲಿ ನಡೆಯುವಳು. ಇಲಿಯ ಬಿಲ ಕಂಡರೆ ಮಣ್ಣು ತುಂಬಿಸಿ ತುಳಿಸುವಳು, ಗಿಡ ಬೇರು ಬಿಟ್ಟರೆ ಕೀಳಿಸುವಳು. ಎಲ್ಲಾದರೂ ನೀರು ಜಿನುಗಿದ್ದರೆ ಬೊಗಸೆಯಲ್ಲಿ ಹಿಡಿದು ನೋಡುವಳು. "ತಿಳಿಯಾಗಿದ್ರೆ ಏರಿ ಬೆವರ್ತಾ ಐತೆ ಅಂತ. ಕೆಂಪಗಿದ್ರೆ ಒಳಗೇ ಕರಗ್ತಾ ಐತೆ ಅಂತ ಕಣೇ" ಎನ್ನುವಳು. ಬೆಂಗಳೂರಿನವರು ಅವಳಿಗೆ ಕಟ್ಟೆ ಇನ್‌ಸ್ಪೆಕ್ಟರ್ ಎಂದು ಹೆಸರಿಟ್ಟಿದ್ದರು. ದೊಡ್ಡಪ್ಪನೂ ನಗುತ್ತಿದ್ದರು.

ಒಂದು ಬೇಸಿಗೆಯಲ್ಲಿ ನೀರು ತಗ್ಗಿ ದೋಣಿ ನೆಲ ಮುಟ್ಟಿತು. ದೊಡ್ಡಪ್ಪ ಕೋಡಿಗೆ, ಅಂದರೆ ತುಂಬಿದಾಗ ಹೆಚ್ಚಿನ ನೀರು ಹರಿದುಹೋಗುವ ಜಾಗಕ್ಕೆ, ಅಡ್ಡಲಾಗಿ ತೇಗದ ಹಲಗೆ ಹೊಡೆಸಿಬಿಟ್ಟರು. ಮುಂದಿನ ವರ್ಷ ಇನ್ನೊಂದು ಮೊಳ ನೀರು ನಿಲ್ಲಲಿ ಎಂದು. ಅಂದು ದೊಡ್ಡಮ್ಮ ಒಲೆ ಹಚ್ಚಲಿಲ್ಲ.

"ಬಾಯಿ ಕಟ್ಟಿ ಹೊಟ್ಟೆ ತುಂಬಿಸ್ತೀರಲ್ರೀ, ಅದು ಎಲ್ಲಿಂದ ಉಗೀಬೇಕು?" ಎಂದಳು.

ಮಳೆ ಬರುವ ಹೊತ್ತಿಗೆ ತೆಗೆಸುತ್ತೇನೆ ಎಂದರು ದೊಡ್ಡಪ್ಪ. ಮುಂಗಾರು ಬಂದು ಹೋಯಿತು, ಹಲಗೆ ಅಲ್ಲೇ ಇತ್ತು. ಅವಳು ದಿನಾ ಕೇಳುವಳು, ಅವರು ದಿನಾ ನಾಳೆ ಎನ್ನುವರು.

ಯುದ್ಧ ಶುರುವಾಗಿದ್ದ ಕಾಲ. ಚಿತ್ತೆ ಮಳೆ ಶುಕ್ರವಾರ ಹಿಡಿದದ್ದು ಭಾನುವಾರವೂ ಬಿಟ್ಟಿರಲಿಲ್ಲ. ಬಂದಿದ್ದ ಸ್ನೇಹಿತರು ದೋಣಿ ಹತ್ತಲಾಗದೆ ನಡುಮನೆಯಲ್ಲಿ ಇಸ್ಪೀಟು ಹಾಕಿಕೊಂಡು ಕೂತಿದ್ದರು. ಮಧ್ಯಾಹ್ನ ದೊಡ್ಡಮ್ಮ ತಲೆಗೆ ಗೋಣಿ ಹೊದ್ದು ಹೊರಟಳು, ನಾನೂ ಹಿಂದೆ ಹೋದೆ. ನೀರು ಏರಿಯ ತಲೆಗೆ ಗೇಣಷ್ಟೇ ಕೆಳಗಿತ್ತು. ಕೆಳಗಿನ ಹಳ್ಳಿಯಿಂದ, ನಮ್ಮ ತೋಟದ ಕೆಲಸಕ್ಕೆ ಬರುತ್ತಿದ್ದ ಮುನಿಯಪ್ಪ ಮತ್ತೆ ನಾಲ್ಕೈದು ಜನ ಬಂದು ನಿಂತಿದ್ದರು. ಹಾರೆ ಹಾಕಿ ಮೀಟಿದರೂ ಹಲಗೆ ಅಲುಗಲಿಲ್ಲ, ನೆನೆದು ಉಬ್ಬಿ ಕಚ್ಚಿಕೊಂಡಿತ್ತು. ದೊಡ್ಡಮ್ಮ ಬುಡಕ್ಕೆ ಇಳಿದು ಬೊಗಸೆಯೊಡ್ಡಿದಳು. ಕೆಂಪು ನೀರು. ಆದರೆ ಆ ಮಳೆಯಲ್ಲಿ ಇಡೀ ದಿಣ್ಣೆಯೇ ಕೆಂಪಗೆ ಹರಿಯುತ್ತಿತ್ತು. ಏರಿಯದು ಯಾವುದು, ಮಳೆಯದು ಯಾವುದು? ಬೇರೆ ಬೇರೆ ಕಡೆ ಹಿಡಿದು ಹಿಡಿದು ನೋಡಿದಳು.

ಆಮೇಲೆ ಮೇಲೆ ಬಂದು, ಏರಿ ಬಂಡೆಗೆ ಸೇರುವ ಪೂರ್ವದ ತುದಿಯನ್ನು ತೋರಿಸಿ, ಇಲ್ಲಿ ಕಡಿಯಿರಿ ಎಂದಳು. ಅಲ್ಲಿ ಕಡಿದರೆ ನೀರು ಬಂಡೆಯ ಮೇಲೆ ಮೆಲ್ಲಗೆ ಇಳಿದು, ಹಳ್ಳಿಯ ತಂಟೆಗೆ ಬಾರದೆ ಕುರುಚಲ ಕಡೆ ಹೋಗುತ್ತಿತ್ತು. ಮುನಿಯಪ್ಪ ಗುದ್ದಲಿ ಎತ್ತಲಿಲ್ಲ. ಯಜಮಾನರು ಸುಮ್ಮನಿರುತ್ತಾರಾ ಎಂದು ತೆಲುಗಿನಲ್ಲಿ ಕೇಳಿದ.

"ನಾನೂ ಯಜಮಾನಿನೇ ಕಣೋ. ಅಗಿ" ಎಂದಳು.

ದೊಡ್ಡಪ್ಪ ಕೊಡೆ ಹಿಡಿದು ಓಡಿ ಬರುವಷ್ಟರಲ್ಲಿ ನೀರು ದಾರಿ ಕಂಡುಕೊಂಡಿತ್ತು. ಅವರು ಬೈದರು, ಕೊಡೆ ಬಿಸಾಡಿದರು. ಅವಳು ಹಳ್ಳಿಯ ಕಡೆಗೇ ನೋಡುತ್ತಾ ನಿಂತಿದ್ದಳು. ಸಂಜೆಯ ಹೊತ್ತಿಗೆ ಕಟ್ಟೆ ಬರಿದಾಗಿ, ದೋಣಿ ಕೆಸರಿನಲ್ಲಿ ವಾಲಿ ಮಲಗಿತು.

ದೊಡ್ಡಪ್ಪ ತಿಂಗಳುಗಟ್ಟಲೆ ಅವಳ ಹತ್ತಿರ ಮಾತಾಡಲಿಲ್ಲ. ಬಂದವರಿಗೆಲ್ಲ, ಕಲ್ಲಿನಂಥ ಏರಿ, ಎಂಥ ಮಳೆಗೂ ಜಗ್ಗುತ್ತಿರಲಿಲ್ಲ, ಹೆಂಗಸಿನ ಭಯಕ್ಕೆ ಹೋಯಿತು ಎನ್ನುವರು. ಕೇಳಿ ಕೇಳಿ ದೊಡ್ಡಮ್ಮನಿಗೂ ಅನುಮಾನ ಹಿಡಿಯಿತು. ನೀರಿಲ್ಲದ ಏರಿಯ ಮೇಲೆ ಓಡಾಡುವಳು. ಕೆರೆ ಕೆಲಸ ನೋಡುವ ಯಾವ ಓವರ್‌ಸಿಯರ್ ಮನೆಗೆ ಬಂದರೂ ಕಾಫಿ ಕೊಟ್ಟು, ಕಡಿಸದಿದ್ದರೆ ಏರಿ ನಿಲ್ಲುತ್ತಿತ್ತಾ ಎಂದು ಕೇಳುವಳು. ಈಗ ಹೇಗೆ ಹೇಳೋದು ಎಂದು ಅವರು ಎದ್ದು ಹೋಗುವರು.

ಮದುವೆಯಾಗಿ ಮುಳಬಾಗಿಲು ಸೇರಿದ ಮೇಲೆ ನಾನು ಅವಳನ್ನು ಕೊನೆಯ ಸಲ ನೋಡಿದ್ದು ಅವಳು ಜ್ವರದಲ್ಲಿ ಮಲಗಿದ್ದಾಗ. ಮಾತು ಕಟ್ಟೆಯ ವಿಷಯಕ್ಕೇ ಬಂತು. ನೀನು ಮಾಡಿದ್ದೇ ಸರಿ ದೊಡ್ಡಮ್ಮ ಎಂದೆ.

"ಸರಿ ಅಂತ ನಿಂಗೆಂಗೆ ಗೊತ್ತು?" ಎಂದಳು. "ಕಾದು ನೋಡೋಕೆ ನನ್ ಕೈಲಿ ಆಗ್ಲಿಲ್ಲ, ಅಷ್ಟೇ."

ಅವಳು ಹೋದ ಸುದ್ದಿ ಬಂದು ನಾನು ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ದೊಡ್ಡಪ್ಪ ಜಗಲಿಯ ಮೇಲೆ ಕೂತಿದ್ದರು. ನಾನು ಪಕ್ಕದಲ್ಲಿ ಕೂತ ಮೇಲೆ, ರಸ್ತೆ ನೋಡುತ್ತಲೇ ಹೇಳಿದರು:

"ಆ ಶುಕ್ರವಾರ, ಮಳೆ ಹಿಡಿಯೋಕ್ ಮುಂಚೆ, ಏರಿ ಮೇಲೆ ಉದ್ದಕ್ಕೂ ಬಿರುಕು ಬಿಟ್ಟಿತ್ತಮ್ಮ. ಕೈ ತೂರೋ ಅಷ್ಟು. ಅವಳ ಕಣ್ಣಿಗೆ ಬೀಳ್ಬಾರ್ದು ಅಂತ ನಾನೇ ಮಣ್ಣು ಹಾಕಿ ಮುಚ್ಚಿದ್ದೆ."

ಆಮೇಲಾದರೂ ಅವಳಿಗೆ ಹೇಳಬಹುದಿತ್ತಲ್ಲ ಎಂದೆ. ಒಳಗೆ ಹೆಂಗಸರು ಅವಳ ಸೀರೆಗಳನ್ನು ಮಡಿಸಿಡುತ್ತಿದ್ದರು.