ಸೊಂಟದಲ್ಲಿದ್ದ ಫ್ಯೂಸು

ನನ್ನ ಗಂಡ ಮೆಹಬೂಬ್ ಪಾಷಾ ಕುಣಿಗಲ್‌ನಲ್ಲಿ ವೈರಿಂಗ್ ಕೆಲಸ ಮಾಡ್ತಿದ್ರು. ಯಾರ ಮನೆಗೆ ಹೋದ್ರೂ ಮೊದಲು ಮೇನ್ ಸ್ವಿಚ್ ಇಳಿಸೋರು, ಫ್ಯೂಸ್ ಕಿತ್ತು ಸೊಂಟಕ್ಕೆ ಸಿಕ್ಕಿಸ್ಕೊಳ್ಳೋರು. "ನನ್ನ ಹತ್ರ ಇದ್ರೆ ಯಾವ ಪುಣ್ಯಾತ್ಮನೂ ವಾಪಸ್ ಹಾಕಲ್ಲ" ಅನ್ನೋರು. ನಾನು ನಕ್ಕರೆ ನಮ್ಮ ಮನೆ ಫ್ಯೂಸ್ ನನ್ನ ಕೈಲೂ ಕೀಳಿಸೋರು. ಕರೆಂಟ್ ಅವರನ್ನ ಒಂದು ದಿನವೂ ಮುಟ್ಟಲಿಲ್ಲ. ಎಂಬತ್ತೊಂದನೇ ಇಸವೀಲಿ ಎದೆನೋವು ಬಂದು ತೀರಿಹೋದ್ರು.

ಆ ವರ್ಷ ಬಕ್ರೀದ್‌ಗೆ ಮುಂಚೆ ದೊಡ್ಡ ಮಳೆ ಬಂತು. ನಾನಿನ್ನೂ ಇದ್ದತ್‌ನಲ್ಲಿದ್ದೆ. ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಹೊರಗೆ ಬರಬಾರದು, ಮೈದುನನ ಎದುರೂ ನಿಲ್ಲಬಾರದು. ಪರದೆ ಹಿಂದೆ ಕೂತಿದ್ದೆ. ಮೈದುನ ಮಕ್ಸೂದ್ ಟೈಲರ್. ಮನೆ ಕೆಳಗಿನ ನೆಲಮಾಳಿಗೇಲಿ ಅವನ ಮಿಷನ್ನು, ಇಸ್ತ್ರಿಪೆಟ್ಟಿಗೆ, ಜನರ ಹಬ್ಬದ ಬಟ್ಟೆ. ಬೆಳಗ್ಗೆ ನೋಡಿದರೆ ಮೊಣಕಾಲುದ್ದ ನೀರು. ಗೋಡೆಯ ಪ್ಲಗ್ ಮುಳುಗಿತ್ತು.

"ಅಮ್ಮೀ, ಬಟ್ಟೆ ತರ್ತೀನಿ" ಅಂತ ಮಕ್ಸೂದ್ ಲುಂಗಿ ಎತ್ತಿಕಟ್ಟಿದ.

"ಇಳೀಬೇಡ" ಅಂದೆ ಒಳಗಿಂದ.

"ಕರೆಂಟ್ ಆಗ್ಲೇ ಹೋಗೈತೆ ಭಾಬಿ. ಭಯ ಬುಡಿ."

"ಹೋಗೈತೆ. ಸತ್ತಿಲ್ಲ. ಯಾವಾಗ ಬೇಕಾದ್ರೂ ಬರುತ್ತೆ."

ಅವನು ಮೆಟ್ಟಿಲಿಗೆ ಕಾಲಿಟ್ಟ ಸದ್ದು ಕೇಳಿಸ್ತು. ಪರದೆ ಸರಿಸಿ ಜಗಲಿಗೆ ಬಂದುಬಿಟ್ಟೆ.

"ಯಾ ಅಲ್ಲಾ, ಒಳಗೆ ಹೋಗು! ಬೀದಿಯೋರು ನೋಡ್ತಾರೆ" ಅಂತ ಅತ್ತೆ ಮಸ್ತಾನ್ ಬೀ ಕೂಗಿದ್ರು.

"ನೋಡ್ಲಿ. ಒಬ್ಬ ಮಗನ್ನ ಮಣ್ಣು ಮಾಡಿದೀರ. ಇನ್ನೊಬ್ಬನ್ನೂ ಮಾಡಬೇಕಾ?"

ಅತ್ತೆ ಮಕ್ಸೂದನ ಅಂಗಿ ಹಿಡ್ಕೊಂಡ್ರು. ಮೇನ್ ಜಗಲಿ ಗೋಡೆ ಮೇಲಿತ್ತು. ಅಲ್ಲಿ ನೆಲ ಒಣಗಿತ್ತು. ಕೈ ಒರೆಸಿ, ಗಂಡನ ರಬ್ಬರ್ ಚಪ್ಪಲಿ ಮೆಟ್ಟಿ, ಮೇನ್ ಇಳಿಸಿದೆ. ಫ್ಯೂಸ್ ಕಿತ್ತು ಸೊಂಟಕ್ಕೆ ಸಿಕ್ಕಿಸ್ಕೊಂಡೆ.

"ಬೀರು ಬೀಗದಕೈ ಇಟ್ಕೊಂಡಂಗೆ ಇಟ್ಕೊಂಡ್ರಲ್ಲ!" ಅಂತ ಮಕ್ಸೂದ್ ನಕ್ಕ.

ನಗ್ತಿದ್ದಂಗೇ ಎದುರುಮನೆ ರೇಡಿಯೋ ತಾನಾಗೇ ಅರಚಿತು. ಬೀದಿಗೆಲ್ಲ ಕರೆಂಟ್ ಬಂದಿತ್ತು. ಮಕ್ಸೂದ್ ನೀರು ನೋಡಿದ. ನನ್ನ ಸೊಂಟ ನೋಡಿದ. ಮೆಟ್ಟಿಲ ಮೇಲೆ ಕೂತುಬಿಟ್ಟ.

"ಈಗ ಇಳಿ" ಅಂದೆ. "ಕೋಲು ಊರ್ಕೊಂಡು ಇಳಿ, ಜಾರುತ್ತೆ. ಬಟ್ಟೆ ಎತ್ಕೊಂಡು ಬಾ. ನೀರು ಒಂದೇ ಸಲ ಖಾಲಿ ಮಾಡಬೇಡ, ಹೊರಗಿನ ಮಣ್ಣು ನೆಂದು ಭಾರ ಆಗೈತೆ, ಗೋಡೇನ ಒಳಕ್ಕೆ ಕೆಡವುತ್ತೆ."

"ಆಯ್ತು ಭಾಬಿ" ಅಂದ. ಕೋಲು ಹಿಡಿದು ಇಳಿದ.

ನಾನು ಮತ್ತೆ ಪರದೆ ಹಿಂದೆ ಹೋಗಿ ಕೂತೆ. ಆಗ ಅಳು ಬಂತು. ಅತ್ತಾದ ಮೇಲೆ ಅತ್ತೆ ಚಾ ತಂದ್ರು.

"ಫ್ಯೂಸ್ ಎಲ್ಲಿ?" ಅಂದ್ರು.

"ಇಲ್ಲೇ ಇದೆ. ಇವರ ಜೊತೆ ಕೆಲಸ ಮಾಡ್ತಿದ್ದ ರಂಗಣ್ಣ ಬಂದು ಪ್ಲಗ್ ನೋಡೋವರೆಗೂ ಯಾರಿಗೂ ಕೊಡಲ್ಲ."

"ನಾನು ಕೇಳಿದ್ರೂ ಕೊಡಬೇಡ" ಅಂದ್ರು.